ಗೂಟಕ್ಕೆ ಕಟ್ಟಿ ನಾಯಿ ಛೂ ಬಿಡುವ ಆಟ

ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಎರಡು ಹುಂಜಗಳ ಕಾಲಿಗೂ ಕತ್ತಿ ಇರುತ್ತದೆ, ಎರಡನ್ನೂ ಕಣಕ್ಕೆ ಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಶತಮಾನಗಟ್ಟಲೆ ನಡೆದ ಬೇಟಿಂಗ್ ಬೇರೆಯದೇ ಬಗೆ. ಗೂಳಿಯನ್ನೋ ಕರಡಿಯನ್ನೋ ಗೂಟಕ್ಕೆ ಕಟ್ಟಿ, ಅದರ ಮೇಲೆ ನಾಯಿಗಳನ್ನು ಛೂ ಬಿಡುತ್ತಿದ್ದರು. ಇಡೀ ಆಟ ನಿಂತದ್ದು ಹಗ್ಗದ ಮೇಲೆ.

ಗೂಳಿಯಾದರೆ ಊರ ಚೌಕದಲ್ಲಿ ನೆಲಕ್ಕೆ ಹೂಡಿದ ಕಬ್ಬಿಣದ ಬಳೆ, ಅದರಿಂದ ಕೊಂಬಿನ ಬುಡಕ್ಕೆ ಸುಮಾರು 15 ಅಡಿಯ ಹಗ್ಗ. ಹಗ್ಗ ತೀರಾ ಗಿಡ್ಡವಾದರೆ ಗೂಳಿಗೆ ತಿರುಗಲೂ ಆಗದೆ ಆಟ ಬೇಗ ಮುಗಿಯುತ್ತದೆ. ಉದ್ದವಾದರೆ ಜನರ ಮೇಲೇ ನುಗ್ಗುತ್ತದೆ. ನಾಯಿಯ ಹೊಟ್ಟೆ ಸೀಳದಿರಲೆಂದು ಕೊಂಬಿನ ತುದಿಯನ್ನು ಮೊಂಡು ಮಾಡುತ್ತಿದ್ದರು. ಗೂಳಿ ಕೆರಳಲೆಂದು ಮೂಗಿಗೆ ಮೆಣಸಿನ ಪುಡಿ ಊದುವುದೂ ಇತ್ತು. ನಾಯಿ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ತೆವಳಿ ಬಂದು ಮೂಗಿಗೇ ಬಾಯಿ ಹಾಕುತ್ತಿತ್ತು, ಗೂಳಿಯ ಮೈಯಲ್ಲಿ ನೋವು ಹೆಚ್ಚು ತಟ್ಟುವ ಜಾಗ ಅದೇ. ಪಳಗಿದ ಗೂಳಿಗಳು ಗೊರಸಿನಿಂದ ಗುಂಡಿ ತೋಡಿ ಅದರೊಳಗೆ ಮೂಗು ಮರೆಸಿಕೊಳ್ಳುತ್ತಿದ್ದವು. ಕೊಂಬು ಎತ್ತಿ ಒಗೆದ ನಾಯಿ ಬೆನ್ನು ಮುರಿದುಕೊಳ್ಳದಂತೆ ಅದರ ಒಡೆಯ ಓಡಿಬಂದು ಮಡಿಲಲ್ಲೋ, ಓರೆಯಾಗಿ ಹಿಡಿದ ಕೋಲಿನ ಮೇಲೋ ಹಿಡಿಯಬೇಕಿತ್ತು.

ಇದಕ್ಕೆ ಅಡುಗೆಮನೆಯ ಸಮರ್ಥನೆಯೂ ಇತ್ತು! ಕೊಲ್ಲುವ ಮೊದಲು ಗೂಳಿಯನ್ನು ಹೀಗೆ ದಣಿಸಿದರೆ ಮಾಂಸ ಮೆದುವಾಗುತ್ತದೆ ಎಂಬ ನಂಬಿಕೆ. ಹಾಗೆ ದಣಿಸದ ಗೂಳಿಯ ಮಾಂಸ ಮಾರಿದ ಕಟುಕನಿಗೆ ಹಲವು ಊರುಗಳಲ್ಲಿ ದಂಡ ಹಾಕುತ್ತಿದ್ದರು. ನಿಜದಲ್ಲಿ ಆಗುವುದು ಬೇರೆ. ಪ್ರಾಣಿ ಬಹಳ ಹೊತ್ತು ಒದ್ದಾಡಿದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಮುಗಿದುಹೋಗುತ್ತದೆ. ಅದಿಲ್ಲದೆ, ಸತ್ತ ಮೇಲೆ ಮಾಂಸ ಕೆಡದಂತೆ ತಡೆಯುವ ಲ್ಯಾಕ್ಟಿಕ್ ಆಮ್ಲ ಸಾಕಷ್ಟು ಹುಟ್ಟುವುದಿಲ್ಲ. ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ.

ಕರಡಿಯ ಲೆಕ್ಕಾಚಾರ ಬೇರೆ. ಇಂಗ್ಲೆಂಡಿನ ಕಾಡುಗಳಲ್ಲಿ ಕರಡಿ ಅಳಿದು ಎಷ್ಟೋ ಕಾಲವಾಗಿತ್ತು, ಹೊರದೇಶದಿಂದ ತರಿಸಬೇಕು. ಅಷ್ಟು ದುಡ್ಡು ಸುರಿದದ್ದನ್ನು ಒಂದೇ ದಿನದಲ್ಲಿ ಕಳೆದುಕೊಳ್ಳಲು ಯಾರೂ ತಯಾರಿರಲಿಲ್ಲ. ಹಾಗಾಗಿ ಸಾಯುವ ಸರದಿ ಹೆಚ್ಚಾಗಿ ಮ್ಯಾಸ್ಟಿಫ್ ಎಂಬ ದೊಡ್ಡ ತಳಿಯ ನಾಯಿಗಳದು; ಕರಡಿ ಗಾಯ ಮಾಯಿಸಿಕೊಂಡು ಮತ್ತೆ ಗೂಟಕ್ಕೆ. ಸ್ಯಾಕರ್ಸನ್, ಜಾರ್ಜ್ ಸ್ಟೋನ್‌ನಂಥ ಕರಡಿಗಳ ಹೆಸರು ಲಂಡನ್ನಿಗರ ಬಾಯಲ್ಲಿತ್ತು. ಕುರುಡು ಕರಡಿಯನ್ನು ಐದಾರು ಜನ ಸುತ್ತುವರಿದು ಚಾಟಿಯಲ್ಲಿ ಹೊಡೆಯುವುದನ್ನು 1598ರಲ್ಲಿ ಬಂದ ಜರ್ಮನ್ ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. ನನ್ನ ಪ್ರಕಾರ ಈ ಆಟದ ಅತಿ ಹೇಯ ಭಾಗ ಇದೇ.

ಥೇಮ್ಸ್ ನದಿಯ ದಕ್ಷಿಣ ದಂಡೆಯ ಬ್ಯಾಂಕ್‌ಸೈಡ್‌ನಲ್ಲಿ ನಾಟಕ, ಕರಡಿ ಎರಡೂ ಅಕ್ಕಪಕ್ಕ. ರಂಗಮಂದಿರಗಳ ಮಾಲೀಕ ಫಿಲಿಪ್ ಹೆನ್ಸ್ಲೋ ಮತ್ತು ನಟ ಎಡ್ವರ್ಡ್ ಆಲಿನ್ 1604ರಲ್ಲಿ ರಾಜನ ಕರಡಿ, ಗೂಳಿ, ನಾಯಿಗಳ ಮೇಲ್ವಿಚಾರಣೆಯ ಹುದ್ದೆ ಪಡೆದರು. ಹೆನ್ಸ್ಲೋ 1614ರ ಹೊತ್ತಿಗೆ ಕಟ್ಟಿಸಿದ ಹೋಪ್ ರಂಗಮಂದಿರದ ವೇದಿಕೆಯನ್ನು ಕಳಚಿ ತೆಗೆಯಬಹುದಿತ್ತು: ಒಂದು ದಿನ ನಾಟಕ, ಇನ್ನೊಂದು ದಿನ ಕರಡಿ. ಅದಕ್ಕೂ ಮೊದಲು, 1583ರ ಜನವರಿ 13ರ ಭಾನುವಾರ, ಅಲ್ಲೇ ಕರಡಿಯಾಟದ ಕಣವಾದ ಪ್ಯಾರಿಸ್ ಗಾರ್ಡನ್‌ನ ಅಟ್ಟಣಿಗೆ ಕುಸಿದು ಪ್ರೇಕ್ಷಕರು ಸತ್ತಿದ್ದರು. ದೇವರ ಶಿಕ್ಷೆ ಎಂದರು ಪಾದ್ರಿಗಳು. ಹಳೆಯ ಮರದ ಮೇಲೆ ಹೊರಲಾಗದಷ್ಟು ಜನ ಎನ್ನುವುದು ಸಾಲದೆ?

ನಿಷೇಧ ಮಾತ್ರ ಬಹಳ ತಡವಾಗಿ ಬಂತು. ಗೂಳಿ ಬೇಟಿಂಗ್ ನಿಲ್ಲಿಸುವ 1800ರ ಮಸೂದೆ ಸಂಸತ್ತಿನಲ್ಲಿ 43-41 ಮತಗಳಿಂದ ಬಿದ್ದುಹೋಯಿತು. ಶ್ರೀಮಂತರ ಬೇಟೆಯನ್ನು ಬಿಟ್ಟು ಬಡವರ ಆಟಕ್ಕೆ ಮಾತ್ರ ಏಕೆ ಕೈಹಾಕುತ್ತೀರಿ ಎಂದು ಸಂಸದ ವಿಲಿಯಂ ವಿಂಡಮ್ ವಾದಿಸಿದ್ದ. ಆತನ ತೀರ್ಮಾನ ತಪ್ಪು, ಪ್ರಶ್ನೆ ಸರಿ. 1822ರ ಕಾಯ್ದೆ ದನಗಳನ್ನು ರಕ್ಷಿಸಿತಾದರೂ ಗೂಳಿ ಅದರಲ್ಲಿ ಸೇರುವುದಿಲ್ಲವೆಂದು ನ್ಯಾಯಾಲಯಗಳು ಹೇಳಿದವು. 1835ರಲ್ಲಿ ಆ ಕಿಂಡಿಯೂ ಮುಚ್ಚಿತು. ಆಗ ಕದ್ದುಮುಚ್ಚಿ ಬೆಳೆದದ್ದು ನಾಯಿಕಾಳಗ: ಅದಕ್ಕೆ ಚೌಕ ಬೇಡ, ಗೂಳಿಯೂ ಬೇಡ, ಒಂದು ನೆಲಮಾಳಿಗೆ ಸಾಕು.

ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಕಾಳಗ, ಬೇಟಿಂಗ್ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಮನರಂಜನೆಗಾಗಿ ಪ್ರಾಣಿಯನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವುದು, ಅದಕ್ಕೆ ಜಾಗ ಕೊಡುವುದು, ಪ್ರವೇಶಕ್ಕೆ ಹಣ ವಸೂಲು ಮಾಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ.