ನನ್ನ ಗೇರ್ ಸೈಕಲ್ಲನ್ನೂ ಫಿಕ್ಸಡ್ ಮಾಡಬಹುದಾ?

ಬಳ್ಳಾರಿಯಲ್ಲಿ ನನ್ನ ಸೈಕಲ್ ನೋಡಿದವರೆಲ್ಲ ಕೇಳುವುದು ಇದೊಂದೇ: ‘ಗೇರ್ ಎಲ್ಲ ಕಿತ್ತು ಹಾಕೀರಲ್ರಿ, ನಂದೂ ಹಿಂಗ ಮಾಡಬಹುದೇನು?’ ಫಿಕ್ಸಡ್ ಅಂದರೆ ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸುಮ್ನೆ ಕಾಲಿಟ್ಟು ಕೂರುವ ಹಾಗಿಲ್ಲ.

ಮೊದಲು ಬಗ್ಗಿ ನೋಡಿ. ಹಿಂದಿನ ಆಕ್ಸಲ್ ಕೂರುವ ಸೀಳು ಅಡ್ಡಕ್ಕಿದ್ದರೆ ಕೆಲಸ ಆಗುತ್ತದೆ. ನೆಟ್ಟಗೆ ಕೆಳಮುಖವಾಗಿದ್ದರೆ ಆಸೆ ಬಿಡಿ. ಗೇರ್ ಸೈಕಲ್ಲಿನಲ್ಲಿ ಚೈನು ಜೋಲು ಬೀಳದಂತೆ ಹಿಡಿಯುವುದು ಡಿರೈಲರ್. ಅದನ್ನು ತೆಗೆದ ಮೇಲೆ ಚಕ್ರವನ್ನೇ ಹಿಂದೆ ಸರಿಸಿ ಬಿಗಿ ಮಾಡಬೇಕು, ಅದಕ್ಕೆ ಜಾಗ ಬೇಕಲ್ವಾ? ಚೈನು ಬಿಗಿಯಾಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಇಲ್ಲಿ ನಡೆಯುವುದಿಲ್ಲ. ಕಾಲಿನಿಂದ ವೇಗ ತಡೆದಾಗ ಚೈನಿನ ಕೆಳಭಾಗ ಜಗ್ಗಿ ಅದನ್ನು ಮುರಿದೇ ಬಿಡುತ್ತದೆ. ನೆಟ್ಟಗಿನ ಸೀಳಿಗೆ ವಿಶೇಷ ಹಬ್ (ಚಕ್ರದ ನಡುಭಾಗ) ಸಿಗುತ್ತದೆ, ನಿಜ. ಅದರ ಖರ್ಚಿಗಿಂತ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೇ ಸ್ಟೀಲ್ ಫ್ರೇಮ್ ಹುಡುಕುವುದೇ ವಾಸಿ.

ಇನ್ನು ಹಬ್. ಮಾಮೂಲಿ ಸೈಕಲ್ಲಿನಲ್ಲಿ ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವುದು ಫ್ರೀವೀಲ್. ‘ಫ್ರೀವೀಲ್‌ಗೆ ವೆಲ್ಡಿಂಗ್ ಹೊಡೆಸ್ರಿ, ಮುಗೀತು’ ಎನ್ನುವ ಮಿಸ್ತ್ರಿಗಳು ಇದ್ದಾರೆ. ದಯವಿಟ್ಟು ಬೇಡ. ವೆಲ್ಡ್ ಮಾಡಿದ ಫ್ರೀವೀಲ್ ಮುಂದಕ್ಕೆ ತುಳಿದಷ್ಟೂ ಹಬ್‌ಗೆ ಬಿಗಿಯಾಗುತ್ತದೆ, ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಫಿಕ್ಸಡ್‌ನಲ್ಲಿ ಹಿಂದಕ್ಕೆ ಒತ್ತುವುದೇ ದಿನದ ಕೆಲಸ. ಫಿಕ್ಸಡ್‌ಗೆಂದೇ ಮಾಡಿದ ಟ್ರ್ಯಾಕ್ ಹಬ್‌ನಲ್ಲಿ ಎರಡು ಥ್ರೆಡ್ ಇರುತ್ತವೆ: ಹಲ್ಲಿನ ಚಕ್ರಕ್ಕೆ ಮಾಮೂಲಿ ಥ್ರೆಡ್, ಅದರ ಮೇಲಿನ ಲಾಕ್‌ರಿಂಗ್‌ಗೆ ಉಲ್ಟಾ ಥ್ರೆಡ್. ಹಲ್ಲಿನ ಚಕ್ರ ಬಿಚ್ಚಲು ಹೊರಟರೆ ಲಾಕ್‌ರಿಂಗ್ ಇನ್ನೂ ಬಿಗಿಯಾಗಿ ಅಡ್ಡ ನಿಲ್ಲುತ್ತದೆ. ದುಡ್ಡು ಸುರಿಯುವುದಿದ್ದರೆ ಇಲ್ಲಿ ಸುರಿಯಿರಿ.

ಟ್ರ್ಯಾಕ್ ಹಬ್‌ನ ಅಗಲ ಸಾಮಾನ್ಯವಾಗಿ 120 ಮಿ.ಮೀ. ಹಿಂದಿನ ಚಕ್ರ ಕೂರುವ ಜಾಗ ಹಳೇ ರೋಡ್ ಫ್ರೇಮ್‌ನಲ್ಲಿ 126, ಆಮೇಲಿನವುಗಳಲ್ಲಿ 130. ಉಳಿದ ಸಂದಿಗೆ ಎರಡೂ ಕಡೆ ಸಮನಾಗಿ ವಾಷರ್ ಹಾಕಿ. ಹಿಂದಿನಿಂದ ಒಂದೇ ಕಣ್ಣಲ್ಲಿ ನೋಡಿದರೆ ಚೈನು ನೇರವಾಗಿ ಕಾಣಬೇಕು.

ನನಗೆ ಮುಂದೆ 42, ಹಿಂದೆ 16 ಹಲ್ಲು ಹಿಡಿಸಿದೆ. ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರ್. ಸಿರುಗುಪ್ಪ ರಸ್ತೆಯಂಥ ಸಪಾಟು ದಾರಿಯಲ್ಲಿ ಗಂಟೆಗೆ 25 ಕಿ.ಮೀ.ಗೆ ನಿಮಿಷಕ್ಕೆ ಎಪ್ಪತ್ತೈದು ಸುತ್ತು, ಆರಾಮು. ಎದುರುಗಾಳಿ ಬೀಸಿದರೆ ಮಾತ್ರ ಗೇರ್ ನೆನಪಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಸಂಡೂರಿನ ಇಳಿಜಾರಿನಲ್ಲಿ ವೇಗ 40 ಮುಟ್ಟಿತೋ, ನಿಮಿಷಕ್ಕೆ ನೂರಿಪ್ಪತ್ತು ಸಲ ಕಾಲು ತಿರುಗಲೇಬೇಕು. ಅದಿರಿನ ಲಾರಿ ಪಕ್ಕದಲ್ಲಿರುವಾಗ ಆ ಸರ್ಕಸ್ ಬೇಡ. ಅದಕ್ಕೇ ಮುಂದಿನ ಬ್ರೇಕ್ ತೆಗೆಯಬೇಡಿ. ಬ್ರೇಕ್ ಇಲ್ಲದೆ ಓಡಿಸುವುದು ಸ್ಟೈಲ್ ಅನ್ನುವವರ ಜೊತೆ ನಾನು ವಾದಕ್ಕೂ ಇಳಿಯುವುದಿಲ್ಲ.

ನಮ್ಮೂರು ಜೀನ್ಸ್ ಊರು, ಅದಕ್ಕೆ ಇನ್ನೊಂದು ಮಾತು: ಬಲಗಾಲಿನ ಪ್ಯಾಂಟ್ ಮಡಚಿಕೊಳ್ಳಿ. ಬಟ್ಟೆ ಚೈನಿಗೆ ಸಿಕ್ಕರೆ ಪೆಡಲ್ ನಿಮಗಾಗಿ ಕಾಯುವುದಿಲ್ಲ. ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿದು ಚೈನು ಒರೆಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಬೆರಳು ಹೋಗುತ್ತದೆ.

ಬಿಚ್ಚಿದ ಡಿರೈಲರ್, ಗೇರ್ ಬದಲಿಸುವ ಶಿಫ್ಟರ್, ಹಳೇ ಚಕ್ರವನ್ನು ಗುಜರಿಗೆ ಹಾಕಬೇಡಿ. ಮೂರು ತಿಂಗಳು ಓಡಿಸಿ ನೋಡಿ. ಮೊಣಕಾಲು ಒಪ್ಪದಿದ್ದರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಮೊದಲಿನಂತೆ ಜೋಡಿಸಬಹುದು.