ಫ್ಲಾಸ್ಕ್ ಕಾಫಿ ಮತ್ತು ತಮ್ಮನ ನಿದ್ದೆ

9 ಮಾರ್ಚ್ 2025, ಭಾನುವಾರ, ರಾತ್ರಿ 11:15

ತಮ್ಮನ ಫಿಸಿಕ್ಸ್ ನೋಟ್‌ಬುಕ್ ಎತ್ತಿಡಲು ಹೋಗಿ ತೆರೆದು ನೋಡಿದೆ. ಗುರುವಾರ ರಾತ್ರಿ ಬರೆದ ಪುಟ. ಮೇಲಿನ ನಾಲ್ಕು ಸಾಲು ಮುತ್ತಿನಂಥ ಅಕ್ಷರ. ಐದನೇ ಸಾಲಿನ ನಡುವೆ ಪೆನ್ನು ಜಾರಿ, ಗೆರೆ ಪುಟದ ಅಂಚಿನವರೆಗೂ ಹೋಗಿದೆ. ತೂಕಡಿಸಿದ್ದಾನೆ, ಪಾಪ. ಕೆಳಗೆ ಅದೇ ಸಾಲನ್ನು ಮತ್ತೆ ಬರೆದಿದ್ದಾನೆ. ಮತ್ತೆ ಅದೇ ಗೆರೆ.

ಶುಕ್ರವಾರ ಸೆಕೆಂಡ್ ಪಿಯು ಫಿಸಿಕ್ಸ್ ಪೇಪರ್ ಮುಗಿಸಿ ಬಂದವನು ಊಟಾನೂ ಮಾಡಲಿಲ್ಲ. "ಹತ್ತು ಸಲ ಬರೆದ ಡೆರಿವೇಶನ್ ಅಕ್ಕಾ, ಅಲ್ಲಿ ಕೂತಾಗ ನೆನಪಿಗೇ ಬರಲಿಲ್ಲ" ಅಂದ. ಹಿಂದಿನ ರಾತ್ರಿ ಮಲಗಿದ್ದು ಎರಡೇ ಗಂಟೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರಲು ನಿದ್ದೆ ಬೇಕೇ ಬೇಕು. ಅದನ್ನೇ ಬಿಟ್ಟರೆ ಹೇಗೆ?

ಮಲಗಿದರೂ ನಿದ್ದೆ ಬರುವುದಿಲ್ಲವಂತೆ. ಎದೆ ಢವಢವ. ಟೈಮ್ ನೋಡೋಣ ಅಂತ ಫೋನ್ ತೆಗೆದರೆ, ಗ್ರೂಪ್‌ನಲ್ಲಿ ಯಾರೋ "ನಂದು ಎರಡನೇ ರಿವಿಷನ್ ಮುಗೀತು" ಅಂತ ಹಾಕಿರುತ್ತಾರೆ. ಅಷ್ಟು ಸಾಕು, ಎದ್ದು ಲೈಟ್ ಹಾಕುತ್ತಾನೆ.

ಅದರ ಮೇಲೆ ಕಾಫಿ. ಅಮ್ಮ ರಾತ್ರಿ ಹತ್ತಕ್ಕೆ ಫ್ಲಾಸ್ಕ್ ತುಂಬಿಸಿ ಇಡುತ್ತಿದ್ದಳು, ಪ್ರೀತಿಯಿಂದಲೇ. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಹನ್ನೊಂದಕ್ಕೆ ಕುಡಿದರೆ ಬೆಳಗಿನ ಜಾವ ನಾಲ್ಕಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಆಯಾಸ ಎಲ್ಲೂ ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ನೈಟ್ ಡ್ಯೂಟಿ ಮಾಡುವ ನನಗೆ ಇದು ಚೆನ್ನಾಗಿ ಗೊತ್ತು.

ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಪರೀಕ್ಷೆ ಹೊತ್ತಲ್ಲಿ ಅಷ್ಟು ಅಂದರೆ ಅಮ್ಮನಿಗೇ ಗಾಬರಿ. ಏಳಾದರೂ ಸಿಗಲಿ ಅಂತ ನಿನ್ನೆ ಮೂವರೂ ಕೂತು ಮಾತಾಡಿದೆವು. ಕಾಫಿ ಮಧ್ಯಾಹ್ನ ಮೂರರ ಒಳಗೆ ಮುಗಿಯಬೇಕು. ರಾತ್ರಿ ಫೋನ್ ಅಡುಗೆಮನೆಯಲ್ಲಿ, ಏಳಿಸಲು ಅಜ್ಜನ ಅಲಾರಂ ಗಡಿಯಾರ. "ಮತ್ತೆ ಉಳಿದ ಪಾಠ?" ಅಂದ. ಕಣ್ಣಲ್ಲಿ ನೀರು. ಅವನ ಬೆನ್ನು ಸವರಿ, ಉಳಿದಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟು ಮಲಗು ಮರಿ ಅಂದೆ.

ನಿನ್ನೆ ಹನ್ನೆರಡೂವರೆವರೆಗೂ ಹೊರಳಾಡಿದ. ಇವತ್ತು ಹತ್ತೂಮುಕ್ಕಾಲಿಗೇ ಲೈಟ್ ಆರಿತು. ಮೇಜಿನ ಮೇಲೆ ಚೀಟಿ ಇದೆ: ಆಲ್ಡಿಹೈಡ್, ಎಲೆಕ್ಟ್ರೋಕೆಮಿಸ್ಟ್ರಿ ಲೆಕ್ಕ. ಬುಧವಾರ ಕೆಮಿಸ್ಟ್ರಿ. ಅಮ್ಮ ಫ್ಲಾಸ್ಕ್ ತೊಳೆದು ಬೋರಲು ಹಾಕಿ, ಅವನ ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದಳು.