ಕೀಬೋರ್ಡ್ ಇಲ್ಲದ ಟ್ಯಾಬ್‌ಗೆ ಲ್ಯಾಪ್‌ಟಾಪಿನಷ್ಟು ಬೆಲೆ ಏಕೆ?

ವೆಬ್ ನೋಡಲಿಕ್ಕೆ, ಸುದ್ದಿ ಓದಲಿಕ್ಕೆ, ಆಗಾಗ ಒಂದು ವಿಡಿಯೋ ನೋಡಲಿಕ್ಕೆ ಅಗ್ಗದ ಟ್ಯಾಬ್ ಒಂದಿದ್ದರೆ ಸಾಕು ಎಂದು ಹುಡುಕಲು ಹೊರಟವರಿಗೆ ಈಗ ಒಂದು ಗೊಂದಲ ಎದುರಾಗುತ್ತದೆ. ಸುಮಾರಾಗಿ ಕೆಲಸ ಮಾಡುವ 10–11 ಇಂಚಿನ ಟ್ಯಾಬ್‌ನ ಬೆಲೆಗೆ ಕೀಬೋರ್ಡ್ ಕವರ್‌ನ ಬೆಲೆಯನ್ನೂ ಕೂಡಿಸಿದರೆ ಮೊತ್ತ ಚಿಕ್ಕ ಲ್ಯಾಪ್‌ಟಾಪಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕೀಬೋರ್ಡ್ ಇಲ್ಲ, ಟಚ್‌ಪ್ಯಾಡ್ ಇಲ್ಲ, ಹಿಂಜ್ ಇಲ್ಲ, ಪೋರ್ಟ್ ಇರುವುದು ಒಂದೇ. ಹಾಗಿದ್ದಮೇಲೆ ಅರ್ಧ ಬೆಲೆಗೆ ಸಿಗಬೇಕಲ್ಲ ಎನ್ನಿಸುವುದು ಸಹಜ. ಆದರೆ ಬಿಟ್ಟುಹೋದ ಆ ಭಾಗಗಳೇ ಲ್ಯಾಪ್‌ಟಾಪಿನಲ್ಲಿ ಅತ್ಯಂತ ಅಗ್ಗದ ಭಾಗಗಳು. ದುಬಾರಿಯಾದವು ಪರದೆ, ಮೆಮೊರಿ (ರ‍್ಯಾಮ್), ಸ್ಟೋರೇಜ್, ಪ್ರೊಸೆಸರ್ ಮತ್ತು ಬ್ಯಾಟರಿ. ಇವು ಎರಡರಲ್ಲೂ ಇವೆ.

ಪರದೆಯ ವಿಷಯದಲ್ಲಂತೂ ಟ್ಯಾಬ್‌ಗೇ ಖರ್ಚು ಹೆಚ್ಚು. ಚಿಕ್ಕ ಲ್ಯಾಪ್‌ಟಾಪಿಗೆ ಹಾಕುವ 11.6 ಅಥವಾ 14 ಇಂಚಿನ ಪ್ಯಾನೆಲ್ ಒಂದು ಸಿದ್ಧ ಸರಕು. ಅದೇ ಅಳತೆಯದನ್ನು ಹಲವು ಕಾರ್ಖಾನೆಗಳು ಲಕ್ಷಗಟ್ಟಲೆ ತಯಾರಿಸುತ್ತವೆ, ಹಲವು ಕಂಪನಿಗಳು ಹತ್ತಾರು ಮಾದರಿಗಳಲ್ಲಿ ಅದನ್ನೇ ಬಳಸುತ್ತವೆ. ಟ್ಯಾಬ್‌ನಲ್ಲಿ ಪ್ಯಾನೆಲ್ ಮೇಲೆ ಸ್ಪರ್ಶದ ಪದರ, ಅದರ ಮೇಲೆ ಗಟ್ಟಿ ಗಾಜು, ಇವನ್ನು ಕೂಡಿಸುವ ಅಂಟು, ಎಲ್ಲವೂ ಆ ಮಾದರಿಯ ಅಳತೆಗೇ ಆಗಬೇಕು. ಅಂಟಿಸುವಾಗ ಧೂಳಿನ ಕಣವೋ ಗಾಳಿಯ ಗುಳ್ಳೆಯೋ ಸೇರಿದರೆ ಇಡೀ ಜೋಡಣೆಯೇ ಹಾಳು. ಬ್ಯಾಟರಿಯೂ ಅಷ್ಟೆ: ತೆಳುವಾದ ಆ ಒಡಲಿಗೆ ಹೊಂದುವ ಆಕಾರದಲ್ಲೇ ಮಾಡಿಸಬೇಕು.

ಇದು ಇಂದಿನ ಸಮಸ್ಯೆಯೂ ಅಲ್ಲ. 2008ರ ಜುಲೈನಲ್ಲಿ ಟೆಕ್‌ಕ್ರಂಚ್ ಸುದ್ದಿತಾಣದ ಸ್ಥಾಪಕ ಮೈಕಲ್ ಆರಿಂಗ್‌ಟನ್ ಎಂಬವರು 200 ಡಾಲರ್‌ಗೆ, ವೆಬ್ ನೋಡುವುದನ್ನು ಬಿಟ್ಟು ಬೇರೇನೂ ಮಾಡದ ಒಂದು ಟ್ಯಾಬ್ಲೆಟ್ ಮಾಡೋಣ ಎಂದು ಬರೆದರು. ಅದಕ್ಕೆ ಕ್ರಂಚ್‌ಪ್ಯಾಡ್ ಎಂದು ಹೆಸರಾಯಿತು. ಜೊತೆಗೂಡಿ ಕೆಲಸ ಮಾಡುತ್ತಿದ್ದ ಫ್ಯೂಷನ್ ಗ್ಯಾರೇಜ್ ಕಂಪನಿ ಕೊನೆಗೆ ಬೇರೆಯಾಗಿ, 2009ರ ಡಿಸೆಂಬರ್‌ನಲ್ಲಿ ಜೂಜೂ ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದಾಗ ಬೆಲೆ 499 ಡಾಲರ್ ಆಗಿತ್ತು. ಒಳಗಿದ್ದದ್ದು 1.6 ಗಿಗಾಹರ್ಟ್ಸ್‌ನ ಇಂಟೆಲ್ ಆಟಮ್, 1 ಜಿಬಿ ಮೆಮೊರಿ, 4 ಜಿಬಿ ಎಸ್‌ಎಸ್‌ಡಿ. ಆ ಕಾಲದ ನೆಟ್‌ಬುಕ್ ಎಂಬ ಚಿಕ್ಕ, ಅಗ್ಗದ ಲ್ಯಾಪ್‌ಟಾಪ್‌ಗಳಲ್ಲೂ ಆಟಮ್ ಪ್ರೊಸೆಸರ್ ಮತ್ತು 1 ಜಿಬಿ ಮೆಮೊರಿಯೇ ಇದ್ದವು. ಅವಕ್ಕೆ ಕೀಬೋರ್ಡೂ ದೊಡ್ಡ ಹಾರ್ಡ್ ಡಿಸ್ಕೂ ಇದ್ದು ಬೆಲೆ ಕಡಿಮೆಯೇ ಇತ್ತು. ಜೂಜೂದಲ್ಲಿ ಹೆಚ್ಚಿಗೆ ಇದ್ದ ಮುಖ್ಯ ಭಾಗ 12.1 ಇಂಚಿನ ಸ್ಪರ್ಶಪರದೆ. ಮರುತಿಂಗಳೇ ಐಪ್ಯಾಡ್ ಅದೇ 499 ಡಾಲರ್ ಬೆಲೆಯೊಂದಿಗೆ ಪ್ರಕಟವಾಯಿತು. ಜೂಜೂ ಅಲ್ಲಿಂದ ಮೇಲೇಳಲಿಲ್ಲ.

200 ಡಾಲರ್‌ನ ಟ್ಯಾಬ್ ನಿಜವಾಗಿ ಬಂದದ್ದು 2011ರ ಕಿಂಡಲ್ ಫೈರ್ ಮತ್ತು 2012ರ ನೆಕ್ಸಸ್ 7 ಜೊತೆಗೆ. ಎರಡಕ್ಕೂ 199 ಡಾಲರ್. ಎರಡೂ 7 ಇಂಚಿನವು, ಮತ್ತು ಮಾರಿದವರು (ಅಮೆಜಾನ್ ಮತ್ತು ಗೂಗಲ್) ಟ್ಯಾಬ್‌ನಿಂದಲೇ ಲಾಭ ಮಾಡಬೇಕಾದವರಲ್ಲ. ಪುಸ್ತಕ, ಸಿನಿಮಾ, ಆಪ್, ಜಾಹೀರಾತುಗಳಿಂದ ಹಣ ಬರುತ್ತಿದ್ದುದರಿಂದ ಸಾಧನವನ್ನು ಅಸಲಿನ ಹತ್ತಿರ ಕೊಡಲು ಅವರಿಗೆ ಸಾಧ್ಯವಾಯಿತು. ಅಂಥ ಆಸರೆ ಇಲ್ಲದ ಕಂಪನಿ ಅಗ್ಗದ ಟ್ಯಾಬ್ ಮಾಡಬೇಕೆಂದರೆ ಒಳಗಿನ ಯಾವುದನ್ನಾದರೂ ಕಡಿಮೆ ಮಾಡಲೇಬೇಕು. ಮೊದಲು ಕತ್ತರಿ ಬೀಳುವುದು ಮೆಮೊರಿಗೆ.

ಮೆಮೊರಿಯನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಇತ್ತೀಚಿನ ಬೆಲೆ ಏರಿಕೆಗೂ ಟ್ಯಾಬ್ ಬೇಗ ನಿಧಾನವಾಗುವುದಕ್ಕೂ ದೊಡ್ಡ ಕಾರಣ ಅದೇ.

ಜಗತ್ತಿನಲ್ಲಿ ಈ ಮೆಮೊರಿಗೆ ಬಳಸುವ ಡಿರ‍್ಯಾಮ್ ಚಿಪ್‌ಗಳ ಬಹುಪಾಲು ಮೂರೇ ಕಂಪನಿಗಳಿಂದ ಬರುತ್ತದೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಬೇಕಾದ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿಯಲ್ಲಿ ಲಾಭ ಹೆಚ್ಚು. ಅಷ್ಟೇ ಜಿಬಿಗೆ ಸಿಲಿಕಾನ್ ಕೂಡ ಅದು ಹೆಚ್ಚು ತಿನ್ನುತ್ತದೆ. ಕಾರ್ಖಾನೆಗಳ ಸಾಮರ್ಥ್ಯ ಅತ್ತ ತಿರುಗಿದಂತೆ, ಅಗ್ಗದ ಟ್ಯಾಬ್‌ಗಳು ನೆಚ್ಚಿಕೊಂಡಿರುವ ಎಲ್‌ಪಿಡಿಡಿಆರ್4ಎಕ್ಸ್‌ನಂಥ ಹಳೆಯ ಬಗೆಗಳ ಪೂರೈಕೆ ಕುಗ್ಗಿತು; 2025ರ ಎರಡನೇ ಅರ್ಧದಲ್ಲಿ ಬೆಲೆ ಜಿಗಿಯಿತು. ದುಬಾರಿ ಸಾಧನದಲ್ಲಿ ಮೆಮೊರಿ ಒಟ್ಟು ಖರ್ಚಿನ ಚಿಕ್ಕ ಪಾಲು. ಅಗ್ಗದ ಟ್ಯಾಬ್‌ನಲ್ಲಿ ಅದು ದೊಡ್ಡ ಪಾಲು. ಹಾಗಾಗಿ ಅದೇ ಏರಿಕೆ ಅಗ್ಗದ್ದಕ್ಕೇ ಜೋರಾಗಿ ತಟ್ಟುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಬೆಲೆ ಏರದಿದ್ದರೆ ಏರಿಕೆ ಆಗಿಲ್ಲ ಎಂದು ತಿಳಿಯಬೇಡಿ. ಹೊಸ ಮಾದರಿ ಹಳೆಯ ಬೆಲೆಯಲ್ಲೇ ಬಂದು, 6 ಜಿಬಿ ಇದ್ದ ಕಡೆ 4 ಜಿಬಿ ಇದ್ದರೆ ಅದೂ ಬೆಲೆ ಏರಿಕೆಯೇ.

ಇನ್ನು ಬ್ರೌಸರ್‌ನ ಹಸಿವು. ಇಂದಿನ ಬ್ರೌಸರ್‌ಗಳು ಭದ್ರತೆಗಾಗಿ ಸೈಟುಗಳನ್ನು ಬೇರೆ ಬೇರೆ ಪ್ರಾಸೆಸ್‌ಗಳಲ್ಲಿ, ಅಂದರೆ ತಮ್ಮದೇ ಮೆಮೊರಿ ಬೇಡುವ ಪ್ರತ್ಯೇಕ ಪ್ರೋಗ್ರಾಂಗಳಂತೆ, ಇಡುತ್ತವೆ. ಒಂದು ನಕ್ಷೆ, ಒಂದು ಮೇಲ್, ಒಂದು ಸುದ್ದಿತಾಣ, ಒಂದು ಆನ್‌ಲೈನ್ ದಾಖಲೆ ಒಟ್ಟಿಗೆ ತೆರೆದರೆ 1 ಜಿಬಿ ಮೀರಲು ಹೆಚ್ಚು ಹೊತ್ತು ಬೇಡ. 4 ಜಿಬಿಯ ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ವ್ಯವಸ್ಥೆ ತನ್ನ ಪಾಲು ತೆಗೆದುಕೊಂಡ ಮೇಲೆ ಬ್ರೌಸರ್‌ಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಜಾಗ ಸಾಲದಾದಾಗ ಆಂಡ್ರಾಯ್ಡ್ ಬ್ರೌಸರ್‌ನಲ್ಲಿ ಹಿಂದೆ ತೆರೆದಿಟ್ಟ ಪುಟಗಳನ್ನು ಸುಮ್ಮನೆ ಮುಚ್ಚಿಬಿಡುತ್ತದೆ. ನೀವು ಮರಳಿ ಹೋದಾಗ ಪುಟ ಮೊದಲಿನಿಂದ ಲೋಡ್ ಆಗುತ್ತದೆ, ಅರ್ಧ ತುಂಬಿದ ಅರ್ಜಿ ಮಾಯ. ಇದನ್ನು ನೆಟ್‌ವರ್ಕ್ ತೊಂದರೆ ಎಂದುಕೊಳ್ಳುವವರೇ ಹೆಚ್ಚು.

ಪೆಟ್ಟಿಗೆಯ ಮೇಲೆ ‘4+8 ಜಿಬಿ’ ಎಂದಿದ್ದರೆ ಇರುವುದು 4 ಜಿಬಿ ಮಾತ್ರ. ಉಳಿದ 8 ಜಿಬಿ ಸ್ಟೋರೇಜಿನಿಂದ ಕಡ ತಂದದ್ದು. ಅಗ್ಗದ ಟ್ಯಾಬ್‌ನಲ್ಲಿ ಆ ಸ್ಟೋರೇಜ್ ಇಎಂಎಂಸಿ ಎಂಬ ಅಗ್ಗದ, ನಿಧಾನದ ಬಗೆಯದು. ಅದರ ಗರಿಷ್ಠ ವೇಗ ಕಾಗದದ ಮೇಲೂ ಸೆಕೆಂಡಿಗೆ 400 ಎಂಬಿ, ಚೂರುಚೂರಾಗಿ ಬರೆಯುವಾಗ ಅದಕ್ಕಿಂತ ಬಹಳ ಕಡಿಮೆ. ಮೇಲಾಗಿ ಹೀಗೆ ಸದಾ ಬರೆಯುತ್ತಿದ್ದರೆ ಅದರ ಆಯುಸ್ಸೂ ಸವೆಯುತ್ತದೆ. ಈ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡುವುದೇ ಒಳ್ಳೆಯದು.

ಪ್ರೊಸೆಸರ್ ನೋಡುವಾಗ ‘ಎಂಟು ಕೋರ್’ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಎಂಟು ಘಟಕ) ಎಂಬ ಮಾತಿಗೆ ಬೆಲೆ ಕೊಡಬೇಡಿ. ವೆಬ್ ಪುಟದ ಜಾವಾಸ್ಕ್ರಿಪ್ಟ್ ಬಹುಪಾಲು ಒಂದೇ ಕೋರ್ ಮೇಲೆ ಓಡುತ್ತದೆ, ಆದ್ದರಿಂದ ಆ ಒಂದು ಕೋರ್ ಎಷ್ಟು ಗಟ್ಟಿ ಎಂಬುದೇ ಮುಖ್ಯ. ಎಂಟೂ ಕೋರ್ಟೆಕ್ಸ್ ಎ53 ಎಂಬ ದುರ್ಬಲ ಬಗೆಯವಾಗಿದ್ದರೆ (ಹೀಲಿಯೋ ಪಿ22ಟಿ ಎಂಬ ಪ್ರೊಸೆಸರ್ ಇಂಥದ್ದು) ಭಾರವಾದ ಪುಟಗಳು ತಡವರಿಸುವುದು ಖಚಿತ. ಎರಡಾದರೂ ಎ75 ಕೋರ್ ಇರುವ ಹೀಲಿಯೋ ಜಿ85 ಅಥವಾ ಯುನಿಸಾಕ್ ಟಿ606 ಅದಕ್ಕಿಂತ ವಾಸಿ. ಎರಡು ಎ76 ಇರುವ ಹೀಲಿಯೋ ಜಿ99 ಸಿಕ್ಕರೆ ಬ್ರೌಸಿಂಗ್ ನಿಜಕ್ಕೂ ಹಗುರ. ನನ್ನ ಅಭಿಪ್ರಾಯದಲ್ಲಿ 6 ಜಿಬಿ ಮತ್ತು ಎ76 ಇಲ್ಲದ ಟ್ಯಾಬ್ ಅನ್ನು ವೆಬ್ಬಿಗಾಗಿ ಇಂದು ಹೊಸದಾಗಿ ಕೊಳ್ಳಬಾರದು. ಅಷ್ಟಿದ್ದರೆ ಅದು ‘ಅಗ್ಗದ’ ವಿಭಾಗದಿಂದ ಮೇಲೆ ಹೋಗಿರುತ್ತದೆ, ಲ್ಯಾಪ್‌ಟಾಪಿನ ಜೊತೆ ಹೋಲಿಕೆ ಶುರುವಾಗುವುದೂ ಅಲ್ಲಿಂದಲೇ.

ಪರದೆಯಲ್ಲಿ ಇಂಚಿನ ಜೊತೆಗೆ ಸಾಂದ್ರತೆಯನ್ನೂ ಲೆಕ್ಕ ಹಾಕಿ. 10.1 ಇಂಚಿಗೆ 1280×800 ಇದ್ದರೆ ಇಂಚಿಗೆ ಸುಮಾರು 149 ಚುಕ್ಕಿ. 1920×1200 ಇದ್ದರೆ ಸುಮಾರು 224. ಕನ್ನಡ ಓದುವವರಿಗೆ ಈ ವ್ಯತ್ಯಾಸ ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ಸಾಲಿನ ಕೆಳಗಿನ ಒತ್ತಕ್ಷರಗಳು ಕಡಿಮೆ ಸಾಂದ್ರತೆಯಲ್ಲಿ ಮಸುಕಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಟ್ಯಾಬ್ ನಿಜಕ್ಕೂ ಗೆಲ್ಲುವ ಜಾಗ ಇದು. 11.6 ಇಂಚಿನ ಅಗ್ಗದ ಲ್ಯಾಪ್‌ಟಾಪಿನ 1366×768 ಪರದೆಯಲ್ಲಿ ಇಂಚಿಗೆ 135 ಚುಕ್ಕಿ ಮಾತ್ರ. ಅದು ಟಿಎನ್ ಎಂಬ ಅಗ್ಗದ ಬಗೆಯ ಪ್ಯಾನೆಲ್ ಆಗಿದ್ದರೆ ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಕೆಡುತ್ತದೆ, ಬೆಳಕೂ ಮಂದ, 220–250 ನಿಟ್ಸ್‌ನಷ್ಟೇ (ನಿಟ್ಸ್ ಎಂದರೆ ಪರದೆಯ ಬೆಳಕಿನ ಅಳತೆ).

ಬ್ಯಾಟರಿಯನ್ನು ಎಂಎಎಚ್‌ನಲ್ಲಿ ಹೋಲಿಸಬೇಡಿ, ವ್ಯಾಟ್-ಅವರ್‌ಗೆ ತನ್ನಿ. ಟ್ಯಾಬ್‌ನ 8000 ಎಂಎಎಚ್ ಅನ್ನು 3.85 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ 30.8 ವ್ಯಾಟ್-ಅವರ್. 11.4 ವೋಲ್ಟ್‌ನ ಲ್ಯಾಪ್‌ಟಾಪ್ ಬ್ಯಾಟರಿ 3600 ಎಂಎಎಚ್ ಎಂದು ಚಿಕ್ಕದಾಗಿ ಕಂಡರೂ ಅದು 41 ವ್ಯಾಟ್-ಅವರ್. ಆದರೂ ಟ್ಯಾಬ್ ಹೆಚ್ಚು ಹೊತ್ತು ಬರುವುದುಂಟು; ಅದರ ಚಿಪ್ ಸುಮ್ಮನಿರುವಾಗ ಬಹಳ ಕಡಿಮೆ ವಿದ್ಯುತ್ ಬಳಸುತ್ತದೆ. ಚಾರ್ಜಿಂಗ್ ಮಾತ್ರ ನಿಧಾನ: 10 ವ್ಯಾಟ್‌ನ ಅಡಾಪ್ಟರ್ ಕೊಟ್ಟಿದ್ದರೆ ಪೂರ್ತಿ ತುಂಬಲು 3 ಗಂಟೆಗೂ ಹೆಚ್ಚು ಬೇಕು. ಅಗ್ಗದ ಟ್ಯಾಬ್‌ಗಳ ಯುಎಸ್‌ಬಿ-ಸಿ ಪೋರ್ಟ್ ಆಕಾರದಲ್ಲಷ್ಟೇ ಹೊಸದು. ವೇಗ ಯುಎಸ್‌ಬಿ 2.0ದ್ದು, ಟಿವಿಗೆ ಚಿತ್ರ ಕಳಿಸುವ ಸಾಮರ್ಥ್ಯ ಸಾಮಾನ್ಯವಾಗಿ ಇರುವುದಿಲ್ಲ.

ಈಗ ಲ್ಯಾಪ್‌ಟಾಪಿನ ಕಡೆ ಬರೋಣ. ಇಲ್ಲಿಯೂ ಹೊಂಡಗಳಿವೆ, ಮುಖ್ಯವಾದದ್ದು 4 ಜಿಬಿ ಮೆಮೊರಿ, 64 ಜಿಬಿ ಇಎಂಎಂಸಿ, ವಿಂಡೋಸ್ 11, ಈ ಮೂರೂ ಸೇರಿದ್ದು. ವಿಂಡೋಸ್ 11 ಕೇಳುವ ಕನಿಷ್ಠ ಅರ್ಹತೆಯೇ ಅಷ್ಟು. ಅಂದರೆ ಅದು ಶುರುವಾಗುತ್ತದೆ, ಬಳಸಲು ಆಗುವುದಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಅದು ಅರ್ಧಕ್ಕೆ ನಿಲ್ಲುತ್ತದೆ. ಪೆನ್‌ಡ್ರೈವ್ ಹಾಕಿಕೊಂಡು ಒದ್ದಾಡಬೇಕಾಗುತ್ತದೆ. ಇಂಥದ್ದು ಟ್ಯಾಬ್‌ಗಿಂತ ಅಗ್ಗವಾಗಿ ಕಂಡರೂ ಬೇಡ. ಇಂಟೆಲ್‌ನ ಸೆಲೆರಾನ್ ಎನ್4020 ಪ್ರೊಸೆಸರ್ ಎರಡೇ ಕೋರ್‌ನದು, ವೆಬ್‌ನ ವಿಡಿಯೋ ತಾಣಗಳು ಬಳಸುವ ಎವಿ1 ಬಗೆಯ ವಿಡಿಯೋವನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವ ಶಕ್ತಿ ಅದಕ್ಕಿಲ್ಲ. 2023ರಲ್ಲಿ ಬಂದ ಇಂಟೆಲ್ ಎನ್100ಗೆ ನಾಲ್ಕು ಕೋರ್, 6 ವ್ಯಾಟ್ ವಿದ್ಯುತ್ ಮಿತಿ, ಎವಿ1 ಬೆಂಬಲವೂ ಇದೆ. 8 ಜಿಬಿ ಮೆಮೊರಿ ಮತ್ತು 128 ಜಿಬಿ ಎಸ್‌ಎಸ್‌ಡಿಯೊಂದಿಗೆ ಎನ್100 ಲ್ಯಾಪ್‌ಟಾಪ್ ಸಿಕ್ಕರೆ, ಕೀಬೋರ್ಡ್ ಸೇರಿಸಿದ ಟ್ಯಾಬ್ ಅದರೆದುರು ವೆಬ್ ಕೆಲಸಕ್ಕೆ ನಿಲ್ಲುವುದು ಕಷ್ಟ.

ಟ್ಯಾಬ್‌ನ ಬ್ರೌಸರೂ ಲ್ಯಾಪ್‌ಟಾಪಿನ ಬ್ರೌಸರೂ ಒಂದೇ ಹೆಸರಿನವಾದರೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಆಂಡ್ರಾಯ್ಡ್ ಟ್ಯಾಬ್‌ನ ಕ್ರೋಮ್‌ಗೆ ಹಲವು ತಾಣಗಳು ಮೊಬೈಲ್ ಪುಟವನ್ನೇ ಕಳಿಸುತ್ತವೆ. ಮೆನುವಿನಲ್ಲಿ ಡೆಸ್ಕ್‌ಟಾಪ್ ಸೈಟ್ ಆಯ್ಕೆ ಮಾಡಿದರೂ ಬೆರಳಿಗೆ ಸಿಗದಷ್ಟು ಚಿಕ್ಕ ಬಟನ್‌ಗಳು ಬರುತ್ತವೆ. ಅದರಲ್ಲಿ ಎಕ್ಸ್‌ಟೆನ್ಷನ್ ಹಾಕಲೂ ಆಗದು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬೇಕಿದ್ದರೆ ಫೈರ್‌ಫಾಕ್ಸ್ ಹಾಕಿಕೊಳ್ಳಿ, 2023ರ ಡಿಸೆಂಬರ್‌ನಿಂದ ಆಂಡ್ರಾಯ್ಡ್‌ನಲ್ಲೂ ಅದು ನೂರಾರು ಎಕ್ಸ್‌ಟೆನ್ಷನ್‌ಗಳಿಗೆ ತೆರೆದುಕೊಂಡಿದೆ. ಜಾಹೀರಾತು ನಿಂತರೆ ಮೆಮೊರಿ ಬಳಕೆಯೂ ಇಳಿಯುವುದರಿಂದ, ಕಡಿಮೆ ಮೆಮೊರಿಯ ಟ್ಯಾಬ್‌ಗೆ ಇದು ಖರ್ಚಿಲ್ಲದ ದೊಡ್ಡ ಉಪಕಾರ.

ನಿಜವಾದ ಬೆಲೆ ತಿಳಿಯಲು ವರ್ಷಗಳಿಂದ ಭಾಗಿಸಬೇಕು. ಲೆಕ್ಕಕ್ಕಾಗಿ ಟ್ಯಾಬ್ 100, ಕೀಬೋರ್ಡ್ ಕವರ್ 25 ಎಂದಿಟ್ಟುಕೊಳ್ಳಿ. ಮೂರು ವರ್ಷ ಬಂದರೆ ವರ್ಷಕ್ಕೆ ಸುಮಾರು 42. ಲ್ಯಾಪ್‌ಟಾಪ್ 160 ಇದ್ದು ಆರು ವರ್ಷ ಬಂದರೆ ವರ್ಷಕ್ಕೆ 27ರ ಆಸುಪಾಸು. ನಿಮ್ಮ ಮುಂದಿರುವ ಬೆಲೆಗಳನ್ನು ಹಾಕಿ ನೋಡಿ. ವರ್ಷಗಳನ್ನು ಊಹಿಸಬೇಕಾಗಿಲ್ಲ, ಅಪ್‌ಡೇಟ್ ಎಲ್ಲಿಯವರೆಗೆ ಎಂದು ವಿಚಾರಿಸಿದರೆ ಸಾಕು. ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳಲ್ಲಿ 2021ರಿಂದೀಚಿನ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಸಿಗುತ್ತದೆ. ಆದರೆ ಆ ಎಣಿಕೆ ಶುರುವಾಗುವುದು ಪ್ಲಾಟ್‌ಫಾರ್ಮ್ (ಆ ಮಾದರಿಯ ಮೂಲ ಹಾರ್ಡ್‌ವೇರ್) ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಕೊನೆಯ ದಿನಾಂಕ ಸೆಟ್ಟಿಂಗ್ಸ್‌ನ ಕ್ರೋಮ್‌ಓಎಸ್ ಬಗೆಗಿನ ಪುಟದಲ್ಲೇ ಸಿಗುತ್ತದೆ. ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗೆ ಒಂದೆರಡು ಆವೃತ್ತಿ ಬಂದರೆ ಹೆಚ್ಚು. ಬ್ರೌಸರ್ ಪ್ಲೇ ಸ್ಟೋರ್ ಮೂಲಕ ಬೇರೆಯಾಗಿ ಅಪ್‌ಡೇಟ್ ಆಗುವುದರಿಂದ ಇನ್ನೂ ಕೆಲವು ವರ್ಷ ನಡೆಯುತ್ತದೆ, ಆಮೇಲೆ ಅದೂ ನಿಲ್ಲುತ್ತದೆ: ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್ 138ನೇ ಆವೃತ್ತಿಯೇ ಕೊನೆ.

ರಿಪೇರಿಯ ಮಾತನ್ನೂ ಇದಕ್ಕೆ ಸೇರಿಸಿ. ಲ್ಯಾಪ್‌ಟಾಪಿನ ತಳದ ಸ್ಕ್ರೂ ಬಿಚ್ಚಿ ಬ್ಯಾಟರಿ ಬದಲಿಸಬಹುದು. ಟ್ಯಾಬ್‌ನ ಬ್ಯಾಟರಿಯನ್ನು ಅಂಟಿನಿಂದ ಬಿಡಿಸಲು ಬಿಸಿ ಮಾಡಬೇಕು, ಹಾಗೆ ಮಾಡುವಾಗಲೇ ಪರದೆ ಒಡೆಯುವುದುಂಟು. ಗಾಜು ಒಡೆದರೆ ಬಹಳಷ್ಟು ಸಲ ಪರದೆಯನ್ನೂ ಕೂಡಿಸಿಯೇ ಬದಲಿಸಬೇಕಾಗುವುದರಿಂದ, ಆ ಖರ್ಚು ಹೊಸ ಅಗ್ಗದ ಟ್ಯಾಬ್‌ನ ಬೆಲೆಯ ಹತ್ತಿರ ಬರುತ್ತದೆ.

ಹಾಗೆಂದು ಟ್ಯಾಬ್ ಬೇಡ ಎನ್ನುತ್ತಿಲ್ಲ. ಟೈಪ್ ಮಾಡುವುದೇ ಇಲ್ಲ, ಒರಗಿಕೊಂಡು ಓದುವುದು, ಪಿಡಿಎಫ್ ನೋಡುವುದು, ಹಿರಿಯರಿಗೆ ವಿಡಿಯೋ ಕರೆ ಮಾಡಿಕೊಡುವುದು, ಇಷ್ಟೇ ಆಗಿದ್ದರೆ ಯಾವ ಲ್ಯಾಪ್‌ಟಾಪೂ ಅದರ ಹತ್ತಿರ ಬರದು. ಆಗ ಕೀಬೋರ್ಡ್ ಕವರ್‌ನ ಗೋಜಿಗೇ ಹೋಗದೆ ಆ ಹಣವನ್ನು ಮೆಮೊರಿಗೂ ಪರದೆಗೂ ಹಾಕಿ. ದಿನಕ್ಕೆ ಒಂದೆರಡು ದೊಡ್ಡ ಮೇಲ್ ಬರೆಯುವವರಾದರೂ ಟ್ಯಾಬ್ ಬೇಸರ ತರಿಸುತ್ತದೆ. ಅಡ್ಡ ಹಿಡಿದಾಗ ಪರದೆಯ ಕೀಬೋರ್ಡ್ ಅರ್ಧದಷ್ಟು ಜಾಗ ನುಂಗುತ್ತದೆ, ಬರೆದದ್ದು ಎರಡು ಮೂರು ಸಾಲಿಗಿಂತ ಹೆಚ್ಚು ಕಾಣುವುದಿಲ್ಲ.

ಕೊಳ್ಳುವ ಮುನ್ನ ಪ್ರದರ್ಶನಕ್ಕಿಟ್ಟ ಸಾಧನವನ್ನೇ ಪರೀಕ್ಷಿಸಿ. ಮೊದಲು ಸೆಟ್ಟಿಂಗ್ಸ್‌ನಲ್ಲಿ ನಿಜವಾದ ರ‍್ಯಾಮ್ ಎಷ್ಟೆಂದು ನೋಡಿ. ಆಮೇಲೆ ಬ್ರೌಸರ್‌ನಲ್ಲಿ ನಕ್ಷೆಯ ತಾಣ ತೆರೆದು ಯಾವುದಾದರೂ ಜಾಗವನ್ನು ದೊಡ್ಡದು ಮಾಡಿ ಹಾಗೆಯೇ ಬಿಡಿ. ಬ್ರೌಸರ್‌ನ ಬೇರೆ ಟ್ಯಾಬ್‌ಗಳಲ್ಲಿ ಚಿತ್ರ ಹೆಚ್ಚಿರುವ ಐದು ಪುಟಗಳನ್ನು ತೆರೆದು ಪ್ರತಿಯೊಂದನ್ನೂ ಕೊನೆಯವರೆಗೆ ಉರುಳಿಸಿ. ಈಗ ನಕ್ಷೆಯಿದ್ದ ಮೊದಲ ಬ್ರೌಸರ್ ಟ್ಯಾಬ್‌ಗೆ ಮರಳಿ. ನಕ್ಷೆ ಬಿಟ್ಟಲ್ಲೇ ನಿಂತಿದ್ದರೆ ಮೆಮೊರಿ ಸಾಕು; ಬಿಳಿ ಪುಟ ಕಂಡು ಮತ್ತೆ ಲೋಡ್ ಆಗತೊಡಗಿದರೆ ಸಾಲದು. ವಿಡಿಯೋ ತಾಣಗಳಿಗೆ ಚಂದಾ ಕಟ್ಟುವವರು ವೈಡ್‌ವೈನ್ (ವಿಡಿಯೋ ನಕಲು ತಡೆಯುವ ವ್ಯವಸ್ಥೆ) ಮಟ್ಟ ಎಲ್1 ಇದೆಯೇ ಎಂದೂ ಕೇಳಿ; ಎಲ್3 ಇದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಅಂಥ ಹಲವು ತಾಣಗಳು ಎಚ್‌ಡಿ ಗುಣಮಟ್ಟ ಕೊಡುವುದಿಲ್ಲ, ಮತ್ತು ಕೊಂಡ ಮೇಲೆ ಇದನ್ನು ಸರಿಪಡಿಸುವ ದಾರಿ ಬಳಕೆದಾರರ ಕೈಯಲ್ಲಿಲ್ಲ.